ಭಾವನ ಟ್ಯಾಂಕು

ಭಾವನ ಮನೆಗೆ ಊಟಕ್ಕೆ ಹೋಗಬಹುದು, ಸಾಲ ಕೇಳಲು ಹೋಗಬಹುದು, ಸಿನಿಮಾ ನೋಡಲು ಮಾತ್ರ ಹೋಗಬಾರದು. ಅವರ ಹತ್ತಿರ ಸಿನಿಮಾ ಇಲ್ಲವೆಂದಲ್ಲ. 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು ರಾಜ್‌ಕುಮಾರ್ ಚಿತ್ರಗಳು ಇಸವಿವಾರು ಇವೆ. ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳಿವೆ. ರಾತ್ರಿಯಿಡೀ ನಡೆದ ಯಕ್ಷಗಾನಗಳು ಚೌಕಿಪೂಜೆಯಿಂದ ಮಂಗಳದವರೆಗೆ ಇವೆ. ನೆಂಟರಿಷ್ಟರ ಮದುವೆ, ಮುಂಜಿ, ಗೃಹಪ್ರವೇಶಗಳ ಹಳೆಯ ವಿಡಿಯೊ ಟೇಪುಗಳನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ತಂದು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಾರೆ. ಎಲ್ಲವೂ ಇದೆ. ಆದರೆ ನೀವು ಹೋದ ದಿನ ಅದೆಲ್ಲ ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ವರ್ಗವಾಗುತ್ತಿರುತ್ತದೆ.

ಇಂಥ ಭಾವಂದಿರು, ಮಾವಂದಿರು, ದೊಡ್ಡಪ್ಪಂದಿರು ಈಗ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ನೋಡಿದೊಡನೆ ಗುರುತು ಹತ್ತುವುದಿಲ್ಲ. ಮಾತಿಗೆ ಕೂತಾಗ “ನೀವು ಫೋಟೋಗಳನ್ನೆಲ್ಲ ಎಲ್ಲಿ ಇಟ್ಕೊಂಡಿದೀರಿ?” ಎಂದು ಅಕ್ಕರೆಯಿಂದ ಕೇಳುತ್ತಾರೆ. “ಮೊಬೈಲಲ್ಲೇ ಇವೆ” ಎಂದಿರೋ, ಕ್ಯಾನ್ಸರಿನ ರಿಪೋರ್ಟು ನೋಡಿದ ಡಾಕ್ಟರ ಹಾಗೆ ಮೌನವಾಗುತ್ತಾರೆ.

ನಮ್ಮ ಭಾವ ಸಾರ್ವಜನಿಕ ವಲಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಒಂದು ವಾಷರ್ ಹೊರಗೆ ಹೋದರೂ ಬಿನ್ ಕಾರ್ಡಿನಲ್ಲಿ ಏರಿರಬೇಕು. ಹಾರ್ಡ್ ಡಿಸ್ಕಿಗೆ ಫೈಲ್ ಸಿಸ್ಟಮ್ ಎಂಬುದೊಂದು ಇರುತ್ತದೆ, ಯಾವ ಫೈಲಿನ ಯಾವ ತುಂಡು ಎಲ್ಲಿದೆ ಎಂಬ ಲೆಕ್ಕ ಇಡುವುದೇ ಅದರ ಕೆಲಸ, ಆ ಲೆಕ್ಕ ಕೆಟ್ಟರೆ ಸಾಮಾನು ಗೋಡೌನಿನಲ್ಲಿದ್ದೂ ಇಲ್ಲದಂತೆ ಎಂದು ಮಗ ಒಂದು ದಿನ ಬಾಯಿತಪ್ಪಿ ಹೇಳಿಬಿಟ್ಟ. ಅಂಥ ಲೆಕ್ಕದ ಪದ್ಧತಿ ಒಂದಲ್ಲ, ಹತ್ತಾರಿವೆ, ನಮಗೆ ಬೇಕಾದ್ದನ್ನು ನಾವೇ ಆರಿಸಿಕೊಳ್ಳಬಹುದು ಎಂದೂ ಸೇರಿಸಿದ. ಅವನು ಈಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ. ಫೋನಿನಲ್ಲಿ ಅಪ್ಪನ ದನಿ ಕೇಳಿದರೆ ಮೀಟಿಂಗ್ ಇದೆ ಎನ್ನುತ್ತಾನೆ.

ಆರಿಸಿಕೊಳ್ಳುವ ಕೆಲಸಕ್ಕೆ ಭಾವ ಹೊಸಬರಲ್ಲ. ಹಿಂದೆ ಸೈಟು ಕೊಳ್ಳಲು ಹೊರಟಾಗಲೂ ಹೀಗೇ ಆಗಿತ್ತು. ಮೂಲಪತ್ರ, ಇ.ಸಿ., ಖಾತಾ, ಕಂದಾಯದ ರಸೀದಿ ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದರು. ಕಾಗದಪತ್ರ ಸರಿಯಿದೆ ಎಂದು ಅವರಿಗೆ ಖಾತ್ರಿಯಾಗುವ ಹೊತ್ತಿಗೆ ಸೈಟಿನ ರೇಟು ಕೈಗೆ ಸಿಗದಷ್ಟು ಏರಿರುತ್ತಿತ್ತು. ಕೊನೆಗೆ ಅವರಪ್ಪ ಕಟ್ಟಿಸಿದ ಮನೆಯ ಮೇಲೇ ಒಂದು ರೂಮು ಎಬ್ಬಿಸಿದರು. ಕಂಪ್ಯೂಟರ್ ಇರುವುದು ಆ ರೂಮಿನಲ್ಲಿ.

ಮೊದಲು ಅವರ ಬಳಿ ಇದ್ದದ್ದು ಫ್ಯಾಟ್32. ಅದಕ್ಕೊಂದು ಮಿತಿ: ಒಂದು ಫೈಲು ನಾಲ್ಕು ಜಿಬಿ ಮುಟ್ಟುವ ಹಾಗಿಲ್ಲ. ಡಿಸ್ಕಿನಲ್ಲಿ ಬಯಲಿನಷ್ಟು ಜಾಗ ಬಿದ್ದಿದ್ದರೂ ಫೈಲ್ ದೊಡ್ಡದಾಯಿತು, ಹಿಡಿಯುವುದಿಲ್ಲ ಎಂದುಬಿಡುತ್ತದೆ. ರಾತ್ರಿ ಯಕ್ಷಗಾನಕ್ಕೆ ಇದು ಆಗಿಬರಲಿಲ್ಲ. ಆಮೇಲೆ ಎನ್‌ಟಿಎಫ್‌ಎಸ್. ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ತಂದದ್ದು, ಗಟ್ಟಿ ಆಳು. ವಿಂಡೋಸ್ ಮನೆಯಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ, ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಭಾವ ಲಿನಕ್ಸ್‌ಗೆ ಬದಲಾಯಿಸಿದರು. ಪಾರ್ಕಿನಲ್ಲಿ ಜೊತೆಗೆ ನಡೆಯುವ ಒಬ್ಬರು ಬದಲಾಯಿಸಿದ್ದರು, ಅದೇ ಕಾರಣ.

ಲಿನಕ್ಸ್ ಬಂತೆಂದರೆ ಇಎಕ್ಸ್‌ಟಿ4. 2008ರಿಂದ ಲೋಕದ ಲಕ್ಷಾಂತರ ಯಂತ್ರಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿರುವಂಥದ್ದು. ಮಾಡಲು ಹೊರಟದ್ದನ್ನು ಮೊದಲು ಒಂದು ಜರ್ನಲಿನಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ಆದ್ದರಿಂದ ನಡುವೆ ಕರೆಂಟು ಹೋದರೂ ಲೆಕ್ಕ ಕೆಡುವುದು ಅಪರೂಪ. ಹಾಡು, ಸಿನಿಮಾ ಇಡಲು ಇದು ಧಾರಾಳ ಸಾಕೆಂಬುದು ನನ್ನ ಅಭಿಪ್ರಾಯ. ನನ್ನನ್ನು ಯಾರೂ ಕೇಳಲಿಲ್ಲ.

ಭಾವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ನಾಲ್ಕು ಟಿಬಿಯ ಡಿಸ್ಕು ತಂದರು. ಕಂಪ್ಯೂಟರಿಗೆ ಹಾಕಿದರೆ 3.64 ಎಂದು ತೋರಿಸಿತು. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. ಇದು ಭಾವನಿಗೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಅಂಗಡಿಗೆ ವಾಪಸು ಹೋಗಿ, ತೂಕದಲ್ಲಿ ಮೋಸವಾದ ಗಿರಾಕಿಯ ಗತ್ತಿನಲ್ಲಿ ನಿಂತು, ಉಳಿದದ್ದು ಎಲ್ಲಿ ಎಂದು ಕೇಳಿ ಬಂದರು. ಮನೆಗೆ ಬಂದು ಇಎಕ್ಸ್‌ಟಿ4 ಹಾಕಿದ ಮೇಲೆ ಇನ್ನೂ ಒಂದಿಷ್ಟು ಜಾಗ ಕಾಣೆ. ಹುಡುಕಿದರೆ, ರೂಟ್ ಎಂಬ ಯಜಮಾನನ ಹೆಸರಿನಲ್ಲಿ ನೂರಕ್ಕೆ ಐದು ಪಾಲನ್ನು ಅದು ತಾನಾಗಿಯೇ ಮೀಸಲಿಟ್ಟಿರುತ್ತದಂತೆ. ಸಿಸ್ಟಮ್ ಇರುವ ಡಿಸ್ಕಿಗೆ ಅದು ಬೇಕು, ಸಿನಿಮಾ ಡಿಸ್ಕಿಗೆ ಬೇಕಿಲ್ಲ. ಒಂದೇ ಸಾಲಿನ ಕಮಾಂಡ್ ಕೊಟ್ಟರೆ ವಾಪಸು ಬರುತ್ತದೆ. ಬಂತು. ಭಾವ ಮೆಟ್ಟಿಲಿಳಿಯುತ್ತಲೇ “ಲೇ, ಇನ್ನೂರು ಸಿಕ್ತು ಕಣೇ! ಇಷ್ಟು ದಿನ ಹಿಡ್ಕೊಂಡಿದ್ರು!” ಎಂದು ಕೂಗಿದರು. ಅಕ್ಕ ಪೆನ್ಷನ್ ಅರಿಯರ್ಸ್ ಎಂದುಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಆ ದೀಪ ಆರುವ ಮೊದಲೇ ಇನ್ನೊಂದು ತಾಪತ್ರಯ ಶುರುವಾಯಿತು. ಭಾವನ ತಾಯಿಗೆ ‘ಸತ್ಯ ಹರಿಶ್ಚಂದ್ರ’ ನೋಡುವ ಆಸೆ. 1965ರದ್ದು, 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರಲ್ಲ, ಅದು. ಇಡೀ ಚಿತ್ರವೂ ಬೇಡ, ನರಸಿಂಹರಾಜು ನಕ್ಷತ್ರಿಕನಾಗಿ ಬಂದು ಪೀಡಿಸುವ ಭಾಗ ಸಾಕು ಅಂದರು ಅಜ್ಜಿ. ಭಾವ ಡಿಸ್ಕನ್ನೇ ಬಿಚ್ಚಿ ತಂದು ಟಿವಿಗೆ ಚುಚ್ಚಿದರು. ಟಿವಿಗೆ ಇಎಕ್ಸ್‌ಟಿ4 ಓದಲು ಬರಲಿಲ್ಲ; ಎಷ್ಟೋ ಟಿವಿಗಳಿಗೆ ಬರುವುದಿಲ್ಲ. ಡಿಸ್ಕಿಗೆ ಫಾರ್ಮ್ಯಾಟ್ ಹೊಡೆಯಲೇ ಎಂದು ಟಿವಿಯೇ ವಿನಯದಿಂದ ಕೇಳಿತು. ರಿಮೋಟು ಅಜ್ಜಿಯ ಕೈಯಲ್ಲಿತ್ತು. ಅವರು ಯಾವುದೇ ಪ್ರಶ್ನೆಗೂ ಓಕೆ ಒತ್ತುವ ಪೈಕಿ. ಭಾವ ಸೋಫಾದ ಮೇಲಿಂದ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಮಂಡಿಗೆ ಪೆಟ್ಟು ಬಿತ್ತು, ಡಿಸ್ಕು ಉಳಿಯಿತು. ಅಜ್ಜಿ ಆಮೇಲೆ ಕೆಲಸದ ಹುಡುಗಿಯ ಮೊಬೈಲಿನಲ್ಲಿ ನಕ್ಷತ್ರಿಕನನ್ನು ನೋಡಿ ನಕ್ಕರು.

ಬೇರೆಯವರಾಗಿದ್ದರೆ ಟಿವಿಗೆಂದು ಒಂದು ಎಕ್ಸ್‌ಫ್ಯಾಟ್ ಡಿಸ್ಕು ಇಟ್ಟುಕೊಂಡು ಸುಮ್ಮನಾಗುತ್ತಿದ್ದರು. ಅಲ್ಲಿ ನಾಲ್ಕು ಜಿಬಿ ಕಾಟವಿಲ್ಲ, ವಿಂಡೋಸು, ಮ್ಯಾಕು, ಈಚಿನ ಲಿನಕ್ಸು ಎಲ್ಲ ಓದುತ್ತವೆ. “ಜರ್ನಲ್ ಇಲ್ಲ!” ಎಂದರು ಭಾವ. ಜನಿವಾರವಿಲ್ಲದ ಪುರೋಹಿತನನ್ನು ಕಂಡವರ ಧಾಟಿಯಲ್ಲಿ.

ಹೀಗೆ ಅವರು ದೊಡ್ಡ ಪೇಟೆಗೇ ಇಳಿದರು. ಎಕ್ಸ್‌ಎಫ್‌ಎಸ್ ನೋಡಿದರು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತೊಂಬತ್ತರ ದಶಕದಲ್ಲಿ ಕಟ್ಟಿದ್ದು, ದೊಡ್ಡ ದೊಡ್ಡ ಫೈಲುಗಳಿಗೆ ಹೇಳಿ ಮಾಡಿಸಿದ್ದು. ಪಾರ್ಕಿನ ಗೆಳೆಯರು ಇದೇ ಪಕ್ಷ. ಭಾವನಿಗೆ ಒಂದು ತಕರಾರು: “ಹಿಗ್ಗಿಸಬಹುದು, ಕುಗ್ಗಿಸೋಕೆ ಬರಲ್ಲ. ಒಂದ್ಸಲ ಬೆಳೀತು ಅಂದ್ರೆ ಮುಗೀತು.” ಅಕ್ಕ ಅವರ ಹೊಟ್ಟೆಯ ಕಡೆ ಒಮ್ಮೆ ನೋಡಿ ಹುಳಿ ಬಡಿಸಿದಳು. ಬಟರ್‌ಎಫ್‌ಎಸ್ ನೋಡಿದರು. ಫೆಡೋರಾ ಎಂಬ ಲಿನಕ್ಸ್ ಬಳಗದವರು 2020ರಲ್ಲಿ ಡೆಸ್ಕ್‌ಟಾಪಿಗೆ ಅದನ್ನೇ ಆರಿಸಿಕೊಂಡರು ಎಂಬುದು ಅದರ ಪರ. ಹಲವು ಡಿಸ್ಕುಗಳನ್ನು ಒಟ್ಟು ಕಟ್ಟುವ ರೇಡ್5, ರೇಡ್6ರಲ್ಲಿ ಎಚ್ಚರ ಎಂದು ಅದನ್ನು ಬೆಳೆಸಿದವರೇ ಬರೆದಿಟ್ಟಿರುವುದು ವಿರುದ್ಧ. ಬೀಕ್ಯಾಶ್‌ಎಫ್‌ಎಸ್ ಎಂಬ ಹೊಸಬನ ಮೇಲೂ ಕಣ್ಣಿತ್ತು. 2024ರ ಜನವರಿಯಲ್ಲಿ ಅದು ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಬಂತು. ಭಾವ ಅದರ ಬಗ್ಗೆ ಓದಿ ಮುಗಿಸುವಷ್ಟರಲ್ಲಿ, 2025ರಲ್ಲಿ, ಹೊರಗೆ ಹಾಕಿದರು. “ನೋಡಿದ್ಯಾ? ಅವಸರ ಮಾಡಿದ್ರೆ ಏನಾಗ್ತಿತ್ತು?” ಎಂದು ಭಾವ ಕೇಳಿದಾಗ, ತಡಮಾಡುವುದರಿಂದ ಜೀವನದಲ್ಲಿ ಮೊದಲ ಬಾರಿಗೆ ಲಾಭವಾದ ಸಂತೋಷ ಮುಖದಲ್ಲಿ ಕುಣಿಯುತ್ತಿತ್ತು.

ಕೊನೆಗೆ ಮನಸೋತದ್ದು ಝಡ್‌ಎಫ್‌ಎಸ್‌ಗೆ. ಸನ್ ಮೈಕ್ರೋಸಿಸ್ಟಮ್ಸ್‌ನವರು ಈ ಶತಮಾನದ ಆರಂಭದಲ್ಲಿ ಕಟ್ಟತೊಡಗಿ, 2005ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟದ್ದು. ಪ್ರತಿ ತುಂಡಿಗೂ ಒಂದು ಚೆಕ್‌ಸಮ್ ಬರೆದಿಡುತ್ತದೆ, ಓದುವಾಗಲೆಲ್ಲ ತಾಳೆ ನೋಡುತ್ತದೆ. ಎರಡು ಡಿಸ್ಕುಗಳಲ್ಲಿ ಜೋಡಿ ಪ್ರತಿ ಇದ್ದರೆ, ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದರಿಂದ ತಾನೇ ಸರಿಪಡಿಸುತ್ತದೆ. ಇಎಕ್ಸ್‌ಟಿ4 ನಿಮ್ಮ ಫೈಲಿನೊಳಗೆ ಒಂದು ಬಿಟ್ ಆಚೀಚೆ ಆದರೆ ಗಮನಿಸುವುದಿಲ್ಲ. ಸಿನಿಮಾದಲ್ಲಿ ಒಂದು ಬಿಟ್ ಕೆಟ್ಟರೆ ಎಲ್ಲೋ ಒಂದು ಕ್ಷಣ ಒಂದು ಚುಕ್ಕೆ ಮಿಂಚಿ ಹೋಗಬಹುದು, ಅಷ್ಟೇ ಎಂದು ಮಗ ಹೇಳಿದ. “ಅಷ್ಟೇನಾ? ಆ ಚುಕ್ಕೆ ಅಣ್ಣಾವ್ರ ಮೂಗಿನ ಮೇಲೆ ಬಿದ್ರೆ?” ಎಂದರು ಭಾವ. ಈ ವಾದಕ್ಕೆ ಕಂಪ್ಯೂಟರ್ ಶಾಸ್ತ್ರದಲ್ಲಿ ಉತ್ತರವಿಲ್ಲ.

ತೊಡಕಿದ್ದದ್ದು ಕಾಗದಪತ್ರದಲ್ಲಿ. ಸನ್ ಕೊಟ್ಟ ಲೈಸೆನ್ಸಿಗೂ ಲಿನಕ್ಸ್ ಲೈಸೆನ್ಸಿಗೂ ಹೊಂದುವುದಿಲ್ಲವೆಂಬ ವಾದವಿದೆ. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು, ತೊಡಕು ಹಾಗೇ ಉಳಿಯಿತು. ಆದ್ದರಿಂದ ಝಡ್‌ಎಫ್‌ಎಸ್ ಕರ್ನಲ್ಲಿನ ಹೊರಗೇ ನಿಂತಿದೆ. ಲಿನಕ್ಸ್ ಜನಕ ಲೈನಸ್ ಟೋರ್ವಾಲ್ಡ್ಸ್ 2020ರಲ್ಲಿ, ಅದನ್ನು ಬಳಸಬೇಡಿ ಎಂದೇ ಹೇಳಿದರು. ಭಾವ ಎರಡು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ. ಮೂರನೆಯ ದಿನ ತಾವೇ ತೀರ್ಪು ಕೊಟ್ಟುಕೊಂಡರು: “ಕಟ್ಟಡ ಕಲ್ಲಿನಂಥದ್ದು. ಬಿ ಖಾತಾ, ಅಷ್ಟೇ. ಬೆಂಗಳೂರಲ್ಲಿ ಎಷ್ಟು ಜನ ಬಿ ಖಾತಾದಲ್ಲಿ ಸುಖವಾಗಿಲ್ಲ?”

ಇದಾದ ಮೇಲೆ ಖರ್ಚಿನ ಸರಣಿ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಎಂಬ ಒಂದು ನಾಣ್ಣುಡಿ ಝಡ್‌ಎಫ್‌ಎಸ್ ಬಳಗದಲ್ಲಿದೆ. ಮನೆಯ ಮಟ್ಟಿಗೆ ಅಷ್ಟೆಲ್ಲ ಬೇಡ, ಆದರೂ ರ‍್ಯಾಮ್ ತಂದರು. ತನ್ನ ತಪ್ಪು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಇದ್ದರೆ ಒಳ್ಳೆಯದೆಂದು ಗೊತ್ತಾಯಿತು. ಹಳೆಯ ಬೋರ್ಡು ಅದನ್ನು ಒಪ್ಪಲಿಲ್ಲ, ಬೋರ್ಡು ಬದಲಾಯಿತು. ಬೋರ್ಡಿಗೆ ಕ್ಯಾಬಿನೆಟ್ ಸಣ್ಣದಾಯಿತು, ಕ್ಯಾಬಿನೆಟ್ಟಿಗೆ ಪವರ್ ಸಪ್ಲೈ ಸಾಲದಾಯಿತು, ಇಷ್ಟೆಲ್ಲ ಆದ ಮೇಲೆ ಯುಪಿಎಸ್ ಇಲ್ಲದೆ ಹೇಗೆ? ಅತ್ತ ಅಕ್ಕನ ಮಿಕ್ಸಿಯ ಜಾರು ರಿಪೇರಿಗೆ ಹೋದದ್ದು ಅಂಗಡಿಯಲ್ಲೇ ಕೂತಿತ್ತು. ಹಳೆಯ ಡಿಸ್ಕನ್ನು ಹೊಸ ಪದ್ಧತಿಗೆ ಸುಮ್ಮನೆ ಬದಲಾಯಿಸಲಾಗುವುದಿಲ್ಲ; ಒಳಗಿನದನ್ನೆಲ್ಲ ಬೇರೆ ಕಡೆ ಸಾಗಿಸಿ, ಖಾಲಿ ಮಾಡಿ, ಮತ್ತೆ ತುಂಬಬೇಕು. ಸಾಗಿಸಲು ಅಷ್ಟೇ ದೊಡ್ಡ ಇನ್ನೊಂದು ಡಿಸ್ಕು. ನಾಲ್ಕು ಟಿಬಿ ಸಾಗುವಾಗ ಸ್ವಿಚ್ ಬೋರ್ಡಿನ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಚೀಟಿ: “ಗೀಸರ್ ಹಾಕಕೂಡದು. ಕಾಪಿ ನಡೆದಿದೆ.” ಅಕ್ಕ ಅದರ ಕೆಳಗೆ ಪೆನ್ಸಿಲಿನಲ್ಲಿ “ಸ್ನಾನ?” ಎಂದು ಬರೆದಿದ್ದಳು.

ಝಡ್‌ಎಫ್‌ಎಸ್‌ನಲ್ಲಿ ಡಿಸ್ಕುಗಳ ಗುಂಪಿಗೆ ಒಂದು ಹೆಸರಿಡಬೇಕು. ಅದರ ಪುಸ್ತಕಗಳಲ್ಲೆಲ್ಲ ಉದಾಹರಣೆಗೆ ಕೊಡುವ ಹೆಸರು ಟ್ಯಾಂಕ್. ಭಾವನೂ ಅದನ್ನೇ ಇಟ್ಟರು. ಮನೆಗೆ ನೀರು ಬಿಡುವುದು ಎರಡು ದಿನಕ್ಕೊಮ್ಮೆ ಎಂಬುದನ್ನು ಅವರು ಗಣಿಸಲಿಲ್ಲ. ಮೇಲಿನ ರೂಮಿನಿಂದ “ಟ್ಯಾಂಕ್ ಎಂಬತ್ತು ಪರ್ಸೆಂಟ್ ತುಂಬಿದೆ!” ಎಂಬ ಕೂಗು ಬಿತ್ತು. ಎಂಬತ್ತು ದಾಟಿಸಬೇಡಿ, ನಿಧಾನವಾಗುತ್ತದೆ ಎಂದು ಬಲ್ಲವರು ಹೇಳುವುದುಂಟು. ಅಕ್ಕ ಓಡಿಹೋಗಿ ಮೋಟರ್ ಆಫ್ ಮಾಡಿದಳು. ಸಂಜೆ ಪಾತ್ರೆ ತೊಳೆಯಲು ನೀರಿಲ್ಲ. “ಎಂಬತ್ತು ಪರ್ಸೆಂಟ್ ಇತ್ತಲ್ರೀ?” “ಅದು ನಂದು ಕಣೇ.” ತಿಂಗಳಿಗೊಮ್ಮೆ ಎಲ್ಲ ಚೆಕ್‌ಸಮ್‌ಗಳನ್ನೂ ತಾಳೆ ನೋಡುವ ಕ್ರಿಯೆಗೆ ಸ್ಕ್ರಬ್ ಎನ್ನುತ್ತಾರೆ. “ನಾಳೆ ಟ್ಯಾಂಕ್ ಸ್ಕ್ರಬ್ ಮಾಡ್ತೀನಿ” ಎಂದು ಭಾವ ಹೇಳಿದ್ದೇ ತಡ, ಅಕ್ಕ ಬ್ಲೀಚಿಂಗ್ ಪೌಡರು ತರಿಸಿ, ಪಕ್ಕದ ಮನೆಯವರಿಗೆ “ಇವರೇ ಹತ್ತಿ ತೊಳೀತಾರಂತೆ, ನಿವೃತ್ತಿಯಾದ ಮೇಲೆ ಎಷ್ಟೋ ಬದಲಾಗಿದಾರೆ” ಎಂದು ಹೇಳಿಕೊಂಡು ಬಂದಳು. ಮರುದಿನ ಬೆಳಗ್ಗೆ ಪಕ್ಕದ ಮನೆಯ ಯಜಮಾನರು ಏಣಿ ಹಿಡಿದುಕೊಳ್ಳಲು ಬಂದು ನಿಂತಿದ್ದರು.

ಇಷ್ಟಾದರೂ ಅವರನ್ನು ಸುಮ್ಮನೆ ನಗೆಗೀಡು ಮಾಡುವುದು ಅನ್ಯಾಯ. ಈಚೆಗೆ ನಮ್ಮ ಚಿಕ್ಕಪ್ಪನ ಮಗ ಹೆಂಡತಿ ಸಮೇತ ಬಂದಿದ್ದ. ಮದುವೆಯಾಗಿ ಇಪ್ಪತ್ತೈದು ವರ್ಷ, ಛತ್ರದಲ್ಲಿ ಸಮಾರಂಭ, ಮದುವೆಯ ವಿಡಿಯೊ ಹಾಕಬೇಕು. ಟೇಪಿಗೆ ಬೂಸಲು ಹಿಡಿದಿದೆ, ಸಿ.ಡಿ. ಓಡುವುದಿಲ್ಲ, ಸ್ಟುಡಿಯೊ ಮುಚ್ಚಿಹೋಗಿದೆ. ಭಾವ ಮಾತಾಡದೆ ಮೇಲೆ ಕರೆದುಕೊಂಡು ಹೋಗಿ ಎರಡು ಗುಂಡಿ ಒತ್ತಿದರು. ಛತ್ರದ ಬಾಗಿಲು, ಪನ್ನೀರು ಚಿಮುಕಿಸುತ್ತಿರುವ ನನ್ನ ಸೋದರತ್ತೆ, ಪಂಚೆ ಜಾರುತ್ತಿರುವ ವರ, ಒಂದೂ ಚುಕ್ಕೆಯಿಲ್ಲದೆ ಮೂಡಿಬಂತು. ಒಂದು ಪ್ರತಿ ಇಲ್ಲಿ, ಒಂದು ಜೋಡಿ ಡಿಸ್ಕಿನಲ್ಲಿ, ಮತ್ತೊಂದು ಮಗನ ಮನೆಯಲ್ಲಿ. ಡಿಸ್ಕು ಎರಡಿದ್ದ ಮಾತ್ರಕ್ಕೆ ಬ್ಯಾಕಪ್ ಆಗುವುದಿಲ್ಲ, ಊರು ಬಿಟ್ಟು ಊರಿನಲ್ಲೊಂದು ಇರಬೇಕು ಎಂದರು ಭಾವ. ನಮ್ಮ ವಂಶದಲ್ಲಿ ಬೇರಾರೂ ಅಷ್ಟು ಜೋಪಾನ ಮಾಡಿದವರಿಲ್ಲ. ಚಿಕ್ಕಪ್ಪನ ಮಗ ಕಣ್ಣೊರೆಸಿಕೊಂಡು ಜೇಬಿನಿಂದ ಪೆನ್ ಡ್ರೈವ್ ತೆಗೆದ.

ಭಾವ ಅದನ್ನು ಚುಚ್ಚಿ ನೋಡಿದರು. ಮುಖ ಅರಳಿತು. “ಫ್ಯಾಟ್32! ನಿಮ್ಮ ಮದುವೆ ಏಳು ಜಿಬಿ. ಹಿಡಿಸಲ್ಲ.” ಎಕ್ಸ್‌ಫ್ಯಾಟ್ ಮಾಡಬಹುದು, ಆದರೆ ಛತ್ರದ ಟಿವಿ ಯಾವ ವರ್ಷದ್ದು? ಎನ್‌ಟಿಎಫ್‌ಎಸ್ ಮಾಡಬಹುದು, ಆದರೆ ಅಲ್ಲಿ ಓಡಿಸುವವನು ಮ್ಯಾಕ್ ತಂದರೆ? ಓದೋಕೆ ಬರುತ್ತೆ, ಬರೆಯೋಕೆ ಬರಲ್ಲ. ಬರೆಯುವುದು ಏನಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕ ಕಾಫಿ ತಂದಳು, ಆಮೇಲೆ ಚಕ್ಕುಲಿ, ಆಮೇಲೆ ಊಟಕ್ಕೆ ಅಕ್ಕಿ ಇಟ್ಟಳು.

“ಯಾವುದಕ್ಕೂ ಇರಲಿ, ಎರಡು ಭಾಗ ಮಾಡಿಬಿಡ್ತೀನಿ” ಎಂದು ಭಾವ ಲೆಕ್ಕ ಹಾಕಿದರು. “ನಾಲ್ಕು ಜಿಬಿಗೆ ಕತ್ತರಿಸಿದ್ರೆ ಕಾಶೀಯಾತ್ರೆ, ವರಪೂಜೆ, ಅಂತರಪಟ ಎಲ್ಲ ಮೊದಲನೇ ಭಾಗದಲ್ಲಿ ಬರುತ್ತೆ. ತಾಳಿ ಕಟ್ಟೋದು ಎರಡನೇದ್ರಲ್ಲಿ.”

ಚಿಕ್ಕಪ್ಪನ ಮಗನ ಹೆಂಡತಿ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಚಕ್ಕುಲಿ ತಟ್ಟೆ ಕೆಳಗಿಟ್ಟು, “ಮೊದಲನೇ ಭಾಗ ಸಾಕು ಬಿಡಿ ಅಣ್ಣ” ಎಂದಳು.