ಲುಟ್ಟಾಪಿಗೆ ಜಾಮೀನು

ಕೊಚ್ಚಿ, ತಿರುವನಂತಪುರದ ಕಡೆ ‘ಮಾಯಾವಿ’ ಕಾಮಿಕ್ಸ್‌ನ ಖಳ ಲುಟ್ಟಾಪಿಯ ಹೆಸರೆತ್ತಿ ನೋಡಿ, ಮುಖಗಳು ಅರಳುತ್ತವೆ. ಕೆಂಪು ಮೈ, ಕೊಂಬು, ಬಾಲ. ಓಡಾಟಕ್ಕೆ ಹಾರುವ ಭರ್ಜಿ. ಮೊದಲು ಮಕ್ಕಳ ಪತ್ರಿಕೆ ‘ಬಾಲರಮ’ದ ಪುಟಗಳಲ್ಲಿ, ಆಮೇಲೆ ಅನಿಮೇಷನ್‌ನಲ್ಲಿ, ನಾಯಕ ಮಾಯಾವಿಯನ್ನು ಬಾಟಲಿಗೆ ತುಂಬಲು ಹೋಗಿ ಬಿಡುವಿಲ್ಲದೆ ಸೋತವನು.

2019ರಲ್ಲಿ ಇವನನ್ನು ಕೈಬಿಡುತ್ತಾರಂತೆ ಎಂಬ ಗುಲ್ಲೆದ್ದಾಗ, ‘ಲುಟ್ಟಾಪಿಯನ್ನು ಉಳಿಸಿ’ ಎಂದು ಮೀಸೆ ಹೊತ್ತವರೇ ಜಾಲತಾಣದಲ್ಲಿ ಬೊಬ್ಬೆ ಹೊಡೆದರು. ನಾಯಕನಿಗೂ ಇಲ್ಲದ ಭಾಗ್ಯ!

ಕುತಂತ್ರವೆಲ್ಲ ಮಾಂತ್ರಿಕ ಕುಟ್ಟೂಸನ್, ಮಾಟಗಾತಿ ಡಾಕಿನಿಯರದು. ಇವನು ಬರೀ ಡ್ರೈವರ್. ಕ್ಷಮೆಗೆ ಅಷ್ಟು ಸಾಕು.

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಅನಿಮೇಷನ್ ಸರಣಿಯ ಖಳ ಓಜಾಯ್‌ಗೆ ಮಾತ್ರ ಇಂಥ ಜಾಮೀನಿಲ್ಲ, ಕಾದಾಡಲು ಒಪ್ಪದ ಮಗನ ಮುಖವನ್ನೇ ಸುಟ್ಟ ಮಹಾನುಭಾವ. ಆ ಮಗ ಝೂಕೋ, ಕಥಾನಾಯಕನಾದ ಅವತಾರನನ್ನು ಬೆನ್ನಟ್ಟಿ ಬೆನ್ನಟ್ಟಿ, ಕಡೆಗೆ ಅವನಿಗೇ ಬೆಂಕಿವಿದ್ಯೆ ಕಲಿಸುವ ಮೇಷ್ಟ್ರಾದ. ಅಪ್ಪನಿಗೆ ಸಿಕ್ಕಿದ್ದು ಜೈಲು.