ಮೆಗಾಪಿಕ್ಸೆಲಣ್ಣ

ಚಳ್ಳಕೆರೆಯಿಂದ ಮೊಳಕಾಲ್ಮುರಿನವರೆಗೆ ಯಾವ ಊರಲ್ಲಿ ಇಳಿದರೂ ಇವನೊಬ್ಬ ಇದ್ದೇ ಇರುತ್ತಾನೆ. ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯ ಬೆಂಚು, ಇಲ್ಲವೇ ಮೊಬೈಲ್ ರಿಪೇರಿ ಅಂಗಡಿಯ ಮುರುಕಲು ಸ್ಟೂಲು ಅವನ ಕಚೇರಿ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ. ಊರಿಗೆಲ್ಲ ಅವನು ಮೆಗಾಪಿಕ್ಸೆಲಣ್ಣ. ಮದುವೆ ವಿಡಿಯೋ ತೆಗೆದು ನಾಲ್ಕು ಕಾಸು ನೋಡೋಣ ಅನ್ನುವ ಹುಡುಗರೆಲ್ಲ ಅಂಗಡಿಗೆ ಹೋಗುವ ಮೊದಲು ಇವನಿಗೊಂದು ಟೀ ಹೇಳಲೇಬೇಕು.

"ಬಜೆಟ್ ಎಷ್ಟು?"

"ನಲವತ್ತು ಸಾವಿರ ಅಣ್ಣ."

ಮೆಗಾಪಿಕ್ಸೆಲಣ್ಣ ಕಣ್ಣು ಮುಚ್ಚುತ್ತಾನೆ. "ನಲವತ್ತಕ್ಕೆ ಬರ್ತೈತೆ. ಬರಲ್ಲ ಅನ್ನಲ್ಲ. ಆದ್ರೆ ಇನ್ನೊಂದು ಹತ್ತು ಹಾಕಿದ್ರೆ ಸೆನ್ಸರ್ ದೊಡ್ಡದಾಗ್ತೈತೆ." ಸೆನ್ಸರ್ ದೊಡ್ಡದಾದ ಮೇಲೆ ಲೆನ್ಸ್ ಒಳ್ಳೇದಿರಬೇಡವೇ? ಲೆನ್ಸ್ ಬಂದ ಮೇಲೆ ಕೈ ನಡುಗಬಾರದು, ಗಿಂಬಲ್ ಬೇಕು. 4ಕೆಯಲ್ಲಿ ತೆಗೆದದ್ದನ್ನು ಎಡಿಟ್ ಮಾಡಲು ಹೊಸ ಲ್ಯಾಪ್‌ಟಾಪ್ ಬೇಕು. ನಾಯಕನಹಟ್ಟಿ ತೇರಿನ ದಿನ ಮುಕ್ತಿ ಬಾವುಟದ ಹರಾಜು ಏರಿದಂತೆ ಏರುತ್ತದೆ ಬಜೆಟ್ಟು. ವ್ಯತ್ಯಾಸ ಇಷ್ಟೇ, ಅಲ್ಲಿ ಕೊನೆಗೆ ಒಬ್ಬನ ಕೈಗೆ ಬಾವುಟವಾದರೂ ಸಿಗುತ್ತದೆ. ಇಲ್ಲಿ ಹುಡುಗನ ಮುಖ ಬಾಡಿದ್ದು ಕಂಡ ಕೂಡಲೇ ಅಣ್ಣ ಕರಗಿ, "ಹಂಗಾರೆ ಎರಡು ತಿಂಗಳು ತಡಿ, ಹೊಸದು ಬಂದ್ರೆ ಹಳೇದರ ರೇಟು ಬೀಳ್ತೈತೆ" ಎಂದು ಎದ್ದುಬಿಡುತ್ತಾನೆ.

ಸೆಕೆಂಡ್ ಹ್ಯಾಂಡ್ ಮಾತು ಬಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ಲೆನ್ಸಿಗೆ ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ, ಒಳಗೆ ಇಣುಕಿ, ಕೊನೆಗೆ ಮೂಸಿಯೂ ನೋಡುತ್ತಾನೆ. "ಮಲೆನಾಡಿನಾಗೆ ಓಡಿದ ಕ್ಯಾಮೆರಾ ಮುಟ್ಟಬ್ಯಾಡ. ಒಳಗೆ ಫಂಗಸ್ ಬಲೆ ಕಟ್ಟಿರ್ತೈತೆ. ನಮ್ಮ ತಾಲ್ಲೂಕಿಂದೇ ನೋಡು, ಮಳೆಯೇ ಇಲ್ಲ, ಫಂಗಸ್ ಎಲ್ಲಿಂದ ಬರಬೇಕು?" ಬರಗಾಲದಿಂದ ಲಾಭ ಕಂಡುಕೊಂಡವನು ಇಡೀ ಬಯಲುಸೀಮೆಯಲ್ಲಿ ಇವನೊಬ್ಬನೇ ಇರಬೇಕು. ದೂಳಿನ ವಿಷಯ ಎತ್ತಿದರೆ ಮಾತು ಬದಲಿಸುತ್ತಾನೆ.

ಇತಿಹಾಸವೂ ಅವನ ನಾಲಿಗೆಯ ತುದಿಯಲ್ಲೇ. ಹೆಗಲ ಮೇಲೆ ಹೊರುವ ಪ್ಯಾನಾಸಾನಿಕ್ ಕ್ಯಾಮೆರಾ, ಹಿಂದೆ ಹ್ಯಾಲೋಜನ್ ದೀಪ ಹಿಡಿದ ಹುಡುಗ, ಆ ಬೆಳಕಿಗೆ ಕಣ್ಣು ಕಿರಿದು ಮಾಡಿ ಧಾರೆಯಲ್ಲೇ ಬೆವತು ನೀರಾಗುತ್ತಿದ್ದ ಮದುಮಗಳು: ಅದು ಅವನ ಸತ್ಯಯುಗ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದು, ಫೋಟೋ ತೆಗೆಯುವ ಡಬ್ಬಿಯೇ ಫುಲ್ ಎಚ್‌ಡಿ ವಿಡಿಯೋ ತೆಗೆಯತೊಡಗಿದ್ದು ಯುಗಾಂತ್ಯ. "ಡಿಎಸ್‌ಎಲ್‌ಆರ್ ಅರ್ಧ ಗಂಟೆಗೆ ತಾನೇ ನಿಂತೋಗ್ತೈತೆ, ಗೊತ್ತಾ?" ಎಂದು ಹೆದರಿಸುತ್ತಾನೆ. ಸುಳ್ಳಲ್ಲ. ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ಅದು ವಿಡಿಯೋ ಕ್ಯಾಮೆರಾ ಎನಿಸಿಕೊಂಡು ಸುಂಕ ಜಾಸ್ತಿ ಬೀಳುತ್ತಿತ್ತು. ಅದಕ್ಕೇ ಬಹಳಷ್ಟು ಕಂಪನಿಗಳು 29 ನಿಮಿಷ 59 ಸೆಕೆಂಡಿಗೆ ಬೀಗ ಹಾಕಿದ್ದವು. ಯುರೋಪಿನ ಸುಂಕಕ್ಕೆ ನಮ್ಮ ಪರಶುರಾಂಪುರದ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತು ತಪ್ಪಬೇಕೇ ಎಂಬ ಅವನ ಸಂಕಟ ನ್ಯಾಯವಾದದ್ದೇ. ಒಮ್ಮೆ ಟೀ ಅಂಗಡಿಯವನು ತಡೆಯಲಾರದೆ ಕೇಳಿದ: "ಅಲ್ಲಪ್ಪ, ನಮ್ಮ ತಳುಕಿನ ತ.ರಾ.ಸು. ಕಥೆ ಇಟ್ಕಂಡು ಪುಟ್ಟಣ್ಣ ಕಣಗಾಲ್ ದುರ್ಗದ ಕೋಟೇಲಿ 'ನಾಗರಹಾವು' ತೆಗೆದ್ರಲ್ಲ 1972ರಾಗೆ, ಅವಾಗ ಆಟೋಫೋಕಸ್ ಇತ್ತಾ?" ಅಣ್ಣ ಟೀ ಬಿಟ್ಟು ಎದ್ದ. ದುಡ್ಡು ಕೊಡುವ ಅಭ್ಯಾಸ ಮೊದಲೇ ಇರಲಿಲ್ಲ.

ಅವನು ಹೇಳದೆ ಬಿಡುವುದನ್ನು ನಾನೇ ಹೇಳಿಬಿಡುತ್ತೇನೆ. ಕೈಯಲ್ಲಿ ಕಾಸು ಕಮ್ಮಿ ಇದ್ದಾಗ ಮೊದಲು ನೋಡಬೇಕಾದದ್ದು ಮೈಕ್ ಸಿಕ್ಕಿಸುವ ತೂತು. ಅಗ್ಗದ ಹ್ಯಾಂಡಿಕ್ಯಾಮ್‌ಗಳಲ್ಲಿ ಹಲವಕ್ಕೆ ಅದು ಇರುವುದೇ ಇಲ್ಲ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಡಬ್ಬದ ಮೇಲೆ ದಪ್ಪಕ್ಷರದ ಡಿಜಿಟಲ್ ಜೂಮ್ ಬರೀ ಕತ್ತರಿಸಿ ಹಿಗ್ಗಿಸಿದ ಚಿತ್ರ. ಆಪ್ಟಿಕಲ್ ಎಷ್ಟು ಅಂತ ಕೇಳಿ. ಟ್ಯೂಬ್‌ಲೈಟ್ ಕೆಳಗೆ ವಿಡಿಯೋ ಮಿಣಮಿಣ ಅಂದರೆ ಕ್ಯಾಮೆರಾ ಬದಲಿಸಬೇಕಿಲ್ಲ, ಷಟರ್ 1/50ಕ್ಕೆ ಇಟ್ಟರೆ ಸಾಕು, ನಮ್ಮ ಕರೆಂಟು 50 ಹರ್ಟ್ಸ್. ಇವನ್ನೆಲ್ಲ ಹೇಳಿದರೆ ಅಣ್ಣನ ಬೆಂಚು ಖಾಲಿಯಾಗುತ್ತದೆ.

ಅವನಿಗೆ ತಕ್ಕ ಗಿರಾಕಿ ಸಿಕ್ಕಿದ್ದು ಮೊಳಕಾಲ್ಮುರಿನಲ್ಲಿ. ನೇಕಾರರ ಮನೆಯ ಅಜ್ಜಿ. ಮೊಮ್ಮಗ ರೇಷ್ಮೆ ಸೀರೆಗಳನ್ನು ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಮಾರಬೇಕೆಂದಿದ್ದ. ಅಣ್ಣ 10 ಬಿಟ್, ಡೈನಾಮಿಕ್ ರೇಂಜ್ ಎಂದು ಶುರು ಮಾಡಿದ. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿ, "ಗಿಳಿ ಹಸಿರು ಗಿಳಿ ಹಸಿರಾಗೇ ಕಾಣ್ತೈತಾ? ಅಷ್ಟು ಹೇಳಪ್ಪ" ಎಂದಳು. ಅದಕ್ಕೆ ಅವನ ಹತ್ತಿರ ಅಂಕಿ ಇರಲಿಲ್ಲ.

ಅಜ್ಜಿ ಮೊಮ್ಮಗನ ಜೊತೆ ತಾನೇ ಅಂಗಡಿಗೆ ಹೋದಳು. ಬಗಲಲ್ಲಿ ಒಂದು ಸೀರೆ, ಇನ್ನೊಂದು ಚಳ್ಳಕೆರೆಯ ಕರಿ ಕಂಬಳಿ. ಎರಡನ್ನೂ ಕೌಂಟರಿನ ಮೇಲೆ ಹಾಸಿ, "ತೆಗಿ" ಅಂದಳು. ಮೊದಲ ಕ್ಯಾಮೆರಾ ಕರಿ ಕಂಬಳಿಯನ್ನು ಬೂದಿ ಬಣ್ಣ ಮಾಡಿ, ಜರಿಯನ್ನು ಬಿಳಿ ಪಟ್ಟಿ ಮಾಡಿತು. ಎರಡನೆಯದರಲ್ಲಿ ಸಣ್ಣ ಗೆರೆಯ ಒಡಲಿನ ಮೇಲೆ ಇಲ್ಲದ ಅಲೆಗಳು ಎದ್ದು ಕುಣಿದವು. "ಇದನ್ನ ನಾನು ನೇಯ್ದಿಲ್ಲ" ಎಂದು ಅಜ್ಜಿ ಅದನ್ನೂ ಬದಿಗೆ ಸರಿಸಿದಳು. ಮೂರನೆಯದು ಯಾರೋ ಬಳಸಿ ಕೊಟ್ಟ ಹಳೇ ಮಾಡೆಲ್. ಅಂಗಡಿ ಹುಡುಗ ಸೀರೆಯನ್ನು ಬಾಗಿಲ ಬೆಳಕಿಗೆ ತಂದು, ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿದ. ಅಜ್ಜಿ ಸೀರೆಯನ್ನೊಮ್ಮೆ ನೋಡಿ, ಪರದೆಯನ್ನೊಮ್ಮೆ ನೋಡಿ, ಸೆರಗಿನ ಗಂಟು ಬಿಚ್ಚಿದಳು. ಮೈಕು, ಸ್ಟ್ಯಾಂಡು ಸೇರಿಸಿಯೂ ನಲವತ್ತು ದಾಟಲಿಲ್ಲ.

ಸುದ್ದಿ ಮುಟ್ಟಿದ ಮೆಗಾಪಿಕ್ಸೆಲಣ್ಣ ಮಾರನೇ ದಿನವೇ ಬಸ್ ಹತ್ತಿ ಬಂದ. ಕ್ಯಾಮೆರಾ ತಿರುಗಿಸಿ ಮುರುಗಿಸಿ ನೋಡಿ, "ದುಡುಕಿದ್ರಿ" ಅನ್ನುವಷ್ಟರಲ್ಲಿ ಅಜ್ಜಿ ಅವನ ಕೈಗೆ ಸೀರೆಯ ಒಂದು ತುದಿ ಕೊಟ್ಟು, "ಸುಮ್ಕೆ ಹಿಡ್ಕೊಳಪ್ಪ, ಅಲ್ಲಾಡಬ್ಯಾಡ" ಅಂದಳು. ಆ ವಿಡಿಯೋದಲ್ಲಿ ಅಣ್ಣನ ಎರಡು ಕೈಗಳು ಬಹಳ ಚೆನ್ನಾಗಿ ಬಂದಿವೆ. ಸಂಜೆಯೇ ಬಳ್ಳಾರಿಯಿಂದ ಯಾರೋ ಕೇಳಿದರಂತೆ: ಸೀರೆ ಎಷ್ಟು, ಹಿಡಿದವರ ವಾಚು ಯಾವ ಕಂಪನಿದು? ಸೀರೆಯ ರೇಟು ಮೊಮ್ಮಗ ಹೇಳಿದ. ವಾಚಿನ ಪ್ರಶ್ನೆಗೆ ಅಣ್ಣ ಇನ್ನೂ ಟೈಪ್ ಮಾಡುತ್ತಿದ್ದಾನೆ.