ಬ್ರಾಂದಿ ಬಾಟಲಿಯ ಬೆನ್ನು

ಅಣ್ಣಾ, ಬ್ರಾಂದಿ ಕೊಳ್ಳುವಾಗ ಬಾಟಲಿಯ ಮುಖ ನೋಡಬೇಡಿ, ಬೆನ್ನು ನೋಡಿ. ಮುಂದುಗಡೆ ದ್ರಾಕ್ಷಿ ಗೊಂಚಲು, ಕಿರೀಟ, ಚಿನ್ನದ ಅಕ್ಷರ ಏನು ಬೇಕಾದರೂ ಇರಬಹುದು. ಒಳಗೆ ಏನಿದೆ ಅನ್ನೋದನ್ನ ಹಿಂದಿನ ಚೀಟಿಯಲ್ಲಿ ಸಣ್ಣಗೆ ಅಚ್ಚು ಹಾಕಿರುತ್ತಾರೆ. ನಮ್ಮ ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಕ್ವಾರ್ಟರ್‌ಗೆ ಯಾಕೆ ಅಷ್ಟು ದರದ ವ್ಯತ್ಯಾಸ ಅಂತ ನಿನ್ನೆ ಕೇಳಿದಿರಲ್ಲ, ಉತ್ತರದ ಅರ್ಧ ಅಲ್ಲೇ ಇದೆ.

ಬಲದಲ್ಲಂತೂ ವ್ಯತ್ಯಾಸವಿಲ್ಲ. ನಮ್ಮ ದೇಶದ ಬ್ರಾಂದಿ ಹೆಚ್ಚುಕಡಿಮೆ ಎಲ್ಲವೂ ಶೇ 42.8. ಹಳೆಯ ಬ್ರಿಟಿಷ್ ಲೆಕ್ಕದ 75 ಪ್ರೂಫ್ ಇದೇ. ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಏರುತ್ತದೆ ಅನ್ನೋದು ಸುಳ್ಳು. ಜಾಸ್ತಿ ಕೊಡಬೇಕಾದದ್ದು ವಾಸನೆಗೆ, ನಾಲಿಗೆಗೆ, ಗಂಟಲಲ್ಲಿ ಇಳಿಯುವ ನಯಕ್ಕೆ. ಅವು ಸಿಗದಿದ್ದರೆ ಯಾಕೆ ಕೊಡಬೇಕು?

ನಿಜವಾದ ಬ್ರಾಂದಿ ಅಂದರೆ ದ್ರಾಕ್ಷಿಯ ವೈನನ್ನು ಬಟ್ಟಿ ಇಳಿಸಿದ್ದು. ಫ್ರಾನ್ಸಿನ ಕೊನ್ಯಾಕ್ ಊರಿನವರು ಹುಳಿಯಾದ, ತೆಳುವಾದ ಬಿಳಿ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ಒಂದು ಲೀಟರ್ ಸಾರ ಬರಬೇಕಾದರೆ ಸುಮಾರು ಒಂಬತ್ತು ಲೀಟರ್ ವೈನ್ ಬೇಕು. ಅಷ್ಟು ದ್ರಾಕ್ಷಿ ಬೆಳೆಸಿ, ಹಿಂಡಿ, ಹುಳಿಸಿ, ಬಟ್ಟಿ ಇಳಿಸಿ, ಮೇಲೆ ಸರ್ಕಾರದ ಸುಂಕವನ್ನೂ ಕಟ್ಟಿ ಅಗ್ಗದ ಕ್ವಾರ್ಟರ್ ಮಾರಲು ಯಾರಿಂದಲೂ ಆಗದು. ಹಾಗಾಗಿ ನಮ್ಮಲ್ಲಿ ಬಹುಪಾಲು ಬ್ರಾಂದಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ಬಂದ ಶುದ್ಧ ಸ್ಪಿರಿಟ್ಟು. ಚೀಟಿಯಲ್ಲಿ ‘ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್’ ಅಂತ ಇರುತ್ತದಲ್ಲ, ಅದೇ. ಅದಕ್ಕೆ ಸ್ವಲ್ಪ ದ್ರಾಕ್ಷಿಯದು ಬೆರೆಸಿ, ಸುಟ್ಟ ಸಕ್ಕರೆಯ ಬಣ್ಣ ಕೊಟ್ಟು, ಸುವಾಸನೆ ಹಾಕುತ್ತಾರೆ. ‘ಬ್ಲೆಂಡೆಡ್ ಬ್ರಾಂದಿ’ಯಲ್ಲಿ ಶೇ 2ರಷ್ಟು ದ್ರಾಕ್ಷಿಯದಿದ್ದರೆ ಸಾಕು ಅನ್ನುತ್ತದೆ ನಮ್ಮ ಆಹಾರ ಸುರಕ್ಷತೆಯ ಕಾನೂನು. ನೂರರಲ್ಲಿ ಎರಡು, ಅಣ್ಣಾ! ಬರೀ ‘ಗ್ರೇಪ್ ಬ್ರಾಂದಿ’ ಅಂತ ಬರೆದಿದ್ದರೆ ಅದು ಬೇರೆ ಜಾತಿ. ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹಾಗಂತ ಬ್ಲೆಂಡನ್ನು ನಾನು ತಿರಸ್ಕರಿಸುವವನಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಅಮೃತ್ ಡಿಸ್ಟಿಲರಿ ಇವತ್ತು ಲೋಕಪ್ರಸಿದ್ಧ ವಿಸ್ಕಿ ಮಾಡುತ್ತಿದೆ, ಅವರ ಮೊದಮೊದಲ ಸರಕು ಮಾತ್ರ ಸಿಲ್ವರ್ ಕಪ್ ಬ್ರಾಂದಿ. ಮ್ಯಾನ್ಷನ್ ಹೌಸ್, ಓಲ್ಡ್ ಅಡ್ಮಿರಲ್, ಮಾರ್ಫಿಯಸ್, ಹನಿ ಬೀ ಎಲ್ಲಕ್ಕೂ ಅವರವರ ಭಕ್ತರಿದ್ದಾರೆ. ನನ್ನ ಪರೀಕ್ಷೆ ಒಂದೇ: ಮೂವತ್ತು ಎಂಎಲ್ಲನ್ನು ಗಾಜಿನ ಲೋಟಕ್ಕೆ ಬಿಟ್ಟು ಹತ್ತು ನಿಮಿಷ ಹಾಗೇ ಇಡಿ. ಸ್ಪಿರಿಟ್ಟಿನ ಘಾಟು ಹೋದ ಮೇಲೂ ಒಣದ್ರಾಕ್ಷಿಯ ವಾಸನೆ ಉಳಿದಿದ್ದರೆ ದುಡ್ಡು ದಂಡವಾಗಲಿಲ್ಲ. ಬರೀ ಸಕ್ಕರೆ ಮಿಠಾಯಿಯ ವಾಸನೆ ಉಳಿದರೆ ಅದು ಎಸೆನ್ಸ್. ಕೋಲಾ ಬೆರೆಸಿದರೆ ಎರಡಕ್ಕೂ ಭೇದವೇ ಗೊತ್ತಾಗದು. ಕೋಲಾ ಹಾಕುವವರು ದುಬಾರಿ ಬ್ರಾಂದಿ ತರಲೇಬಾರದು.

ಇನ್ನು ‘ವಿಎಸ್‌ಒಪಿ’ ಅನ್ನುವ ನಾಲ್ಕು ಅಕ್ಷರ. ಕೊನ್ಯಾಕಿನಲ್ಲಿ ಅದಕ್ಕೆ ಕಟ್ಟುಪಾಡಿದೆ: ವಿಎಸ್ ಅಂದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ, ವಿಎಸ್‌ಒಪಿ ಅಂದರೆ 4, ಎಕ್ಸ್‌ಒ ಅಂದರೆ 2018ರಿಂದ 10. ಅದು ಅವರ ಊರಿನ ಕಾನೂನು. ನಮ್ಮ ಬಾಟಲಿಯಲ್ಲಿ ಇಷ್ಟು ವರ್ಷ ಅಂತ ಅಂಕಿ ಹಾಕಿರದಿದ್ದರೆ ಆ ಅಕ್ಷರಕ್ಕೆ ಬೆಲೆ ಕಟ್ಟಬೇಡಿ. ನಮ್ಮ ಸೆಕೆಯಲ್ಲಿ ಪೀಪಾಯಿಯಿಂದ ಆವಿಯಾಗಿ ಹೋಗುವುದೂ ಬಹಳ. ಕೊನ್ಯಾಕಿನಲ್ಲಿ ವರ್ಷಕ್ಕೆ ಶೇ 2ರಷ್ಟು ಹೋದರೆ ಬೆಂಗಳೂರಿನಲ್ಲಿ ಶೇ 10ಕ್ಕೂ ಮೇಲೆ. ಬೇಗ ಪಕ್ವವಾಗುತ್ತದೆ, ಬೇಗ ಖಾಲಿಯೂ ಆಗುತ್ತದೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ನಮ್ಮ ನಂದಿದುರ್ಗ ಚಿನ್ನದ ಗಣಿಗೆ ಹೆಸರು ಕೊಟ್ಟ ಬೆಟ್ಟದ ಬುಡದಲ್ಲೇ, ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ತೋಟಗಳಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಕಪ್ಪಗೆ ತೂಗುತ್ತದೆ. ನಮ್ಮ ಕೋಲಾರದಲ್ಲೂ ಇದೆ. 2013ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ದಪ್ಪ ಸಿಪ್ಪೆ, ಬೀಜ, ಮೂಗಿಗೆ ಹೊಡೆಯುವ ಪರಿಮಳ, ಒಳ್ಳೆ ಹುಳಿ. ಜ್ಯೂಸಿಗೂ ಸಿಹಿ ವೈನಿಗೂ ಹೋಗುವ ಈ ಹಣ್ಣಿನ ಹೆಸರನ್ನು ಬಾಟಲಿಯ ಮುಖದ ಮೇಲೆ ದೊಡ್ಡದಾಗಿ ಬರೆದು, ಬೆಳೆದ ಊರು, ಪೀಪಾಯಿಯಲ್ಲಿಟ್ಟ ವರ್ಷ ಎರಡನ್ನೂ ಹಾಕಿ ಒಂದು ಬ್ರಾಂದಿ ಕೊಟ್ಟರೆ ನಾನು ಎರಡು ಪಟ್ಟು ಕೊಟ್ಟಾದರೂ ತರುತ್ತೇನೆ. ರೈತನಿಗೂ ಒಂದು ದಾರಿಯಾದೀತು.

ಈ ಊರಿನ ಬ್ರಾಂದಿ ಪ್ರೀತಿ ಗಣಿಯ ಇಂಗ್ಲಿಷ್ ದೊರೆಗಳಿಂದ ಬಂತು ಅಂತ ನೀವು ಹೇಳಿದ್ದನ್ನು ನಾನು ಪೂರ್ತಿ ಒಪ್ಪಲಾರೆ. ಒಂದು ಕಾಲಕ್ಕೆ ಇಂಡಿಯಾದಲ್ಲಿದ್ದ ಇಂಗ್ಲಿಷರು ಬ್ರಾಂದಿ ಸೋಡಾ ಕುಡಿಯುತ್ತಿದ್ದದ್ದು ನಿಜ. ಆದರೆ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟದ್ದು 1880ರಲ್ಲಿ. ಆಗಲೇ ಫಿಲಾಕ್ಸೆರಾ ಹುಳ ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ತಿಂದು ಹಾಕುತ್ತಿತ್ತು. ಬ್ರಾಂದಿ ಸಿಗದೆ ಅವರ ಕ್ಲಬ್ಬುಗಳು ವಿಸ್ಕಿಗೆ ತಿರುಗಿದ ಕಾಲ ಅದು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಗಣಿಗೆ ಇಳಿಯಲು ಬಂದ ನಿಮ್ಮ ಅಜ್ಜಂದಿರ ಸೀಮೆಯ ರುಚಿಯೇ ನಮ್ಮ ಗಣಿ ಕಾರ್ಮಿಕರ ಲೈನುಗಳಲ್ಲಿ ಉಳಿಯಿತು ಅಂತ ನನಗನ್ನಿಸುತ್ತದೆ. ಇವತ್ತಿಗೂ ತಮಿಳುನಾಡು, ಆಂಧ್ರ, ಕೇರಳದಲ್ಲಿ ಬ್ರಾಂದಿಯದೇ ರಾಜ್ಯ. ಉಳಿದ ಕರ್ನಾಟಕ ವಿಸ್ಕಿ ಕಡೆ.

ಚಳಿಗೆ ಬ್ರಾಂದಿ ಮದ್ದು ಅನ್ನುವ ಮಾತು ಮಾತ್ರ ಬಿಡಿ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಮಕ್ಕಳ ಬಾಯಿಗೆ ಹನಿ ಬಿಡುವುದಂತೂ ಬೇಡವೇ ಬೇಡ. ಮೊಮ್ಮಗಳಿಗೆ ಕೆಮ್ಮು ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ, ನಾನೂ ಬರುತ್ತೇನೆ. ಗಡಿಯಾಚೆ ಅಗ್ಗ ಅಂತ ಬ್ಯಾಗಿನಲ್ಲಿ ತುಂಬಿಕೊಂಡು ಬರುವುದೂ ಬೇಡ, ಅಬಕಾರಿಯವರ ಕೈಗೆ ಸಿಕ್ಕರೆ ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚಾದೀತು.

ಕುಡಿಯುವುದಾದರೆ ಊಟದ ಮೇಲೆ, ಒಂದೇ ಒಂದು, ಅರ್ಧ ಗಂಟೆ ಹಿಡಿಸುವಂತೆ. ಐಸ್ ಬೇಡ, ತಣ್ಣಗಾದರೆ ಪರಿಮಳ ಮುಚ್ಚಿಕೊಳ್ಳುತ್ತದೆ. ಎರಡು ಚಮಚ ನೀರು ಸಾಕು. ಬೇಸಗೆಯಲ್ಲಿ ಶ್ರೀನಿವಾಸಪುರದ ಮಾವಿನ ಹೋಳು ಪಕ್ಕದಲ್ಲಿಟ್ಟುಕೊಂಡು ನೋಡಿ, ಹಣ್ಣಿಗೆ ಹಣ್ಣು ಸೇರುತ್ತದೆ. ಬಂಗಾರಪೇಟೆಯ ಪಾನಿಪುರಿಯ ತಿಳಿನೀರಿನ ಖಾರ ಇದಕ್ಕೆ ಹೊಂದುವುದಿಲ್ಲ, ಅದನ್ನು ಸಾಯಂಕಾಲವೇ ಮುಗಿಸಿಕೊಳ್ಳಿ.

ಅತ್ತಿಗೆಗೆ ಕ್ರಿಸ್‌ಮಸ್ ಕೇಕಿಗೆ ಹಣ್ಣು ನೆನೆಹಾಕಲು ಬ್ರಾಂದಿ ಬೇಕು ಅಂದಿರಲ್ಲ, ಅದಕ್ಕೆ ಗ್ರೇಪ್ ಬ್ರಾಂದಿ ಹಾಳು ಮಾಡಬೇಡಿ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಚೆರ್ರಿ, ಲವಂಗ, ಸುಟ್ಟ ಸಕ್ಕರೆಯ ನಡುವೆ ಅದರ ಪರಿಮಳ ಮುಳುಗಿ ಹೋಗುತ್ತದೆ. ಸಾಧಾರಣ ಬ್ಲೆಂಡ್ ಒಂದು ಕ್ವಾರ್ಟರ್ ತನ್ನಿ, ಗಾಜಿನ ಭರಣಿಯಲ್ಲಿ ಹಣ್ಣು ಮುಳುಗುವಷ್ಟು ಹಾಕಿ ಅಕ್ಟೋಬರಿನಲ್ಲೇ ಮುಚ್ಚಿಡಲು ಹೇಳಿ, ವಾರಕ್ಕೊಮ್ಮೆ ಭರಣಿ ಅಲುಗಾಡಿಸಿದರೆ ಆಯಿತು.